ಎಮ್ಮೆಗೆ ಹೊದಿಸಿದ ಕಂಬಳಿ

ಇಲ್ಲ, ಆ ಎಮ್ಮೆ ಬಿದ್ದದ್ದು ಹೊಂಗೆಮರದ ಕೆಳಗಲ್ಲ. ಹೊಂಗೆಮರವನ್ನು ನಾನು ಆಮೇಲೆ ತಂದು ಅಲ್ಲಿ ನಿಲ್ಲಿಸಿಕೊಂಡಿದ್ದೇನೆ ಅನ್ನಿಸುತ್ತದೆ. ಮರವಿದ್ದಿದ್ದರೆ ಅದು ಬೀಳುತ್ತಲೇ ಇರಲಿಲ್ಲವೇನೋ. ಹಿಂದೊಮ್ಮೆ ಇದನ್ನು ಬರೆಯಲು ಕೂತಾಗ ರಸ್ತೆಯ ತುಂಬ ಹೊಂಗೆ ಹೂವು ಉದುರಿತ್ತು ಎಂದು ಬರೆದು, ಓದಿ, ಹರಿದುಹಾಕಿದೆ. ಹೂವು ಬೇರೆ ಯಾವುದೋ ರಸ್ತೆಯದು, ಬೇರೆ ಯಾವುದೋ ವರ್ಷದ್ದು. ಈಗ ಮರವನ್ನು ತೆಗೆದುಬಿಡುತ್ತೇನೆ. ತೆಗೆದರೆ ಉಳಿಯುವುದು ಇಷ್ಟು: ಅರಕಲಗೂಡಿನ ಕಡೆಯಿಂದ ಹೊಳೆನರಸೀಪುರಕ್ಕೆ ಬರುವ ರಸ್ತೆ, ಊರಿಗೆ ಇನ್ನೆರಡು ಮೈಲಿ, ಬೇಸಗೆಯ ಮಧ್ಯಾಹ್ನ, ಮುಂಗಾಲು ಮಡಿಸಿ ಕುಸಿದ ಒಂದು ಕರಿ ಎಮ್ಮೆ, ಅದರ ಹಗ್ಗ ಹಿಡಿದು ನಿಂತ ಒಬ್ಬ ಹೆಂಗಸು, ಸೈಕಲ್ ಇಳಿಯುತ್ತಿರುವ ನಾನು.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಒಂದು ಹಳ್ಳಿಯ ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ಡಾಕ್ಟರು ಬೇರೆ ಕಡೆ ಇರುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಗಾಯಕ್ಕೆ ಮದ್ದು ಹಚ್ಚುವುದು, ಬಿದಿರಿನ ಗೊಟ್ಟದಲ್ಲಿ ದನದ ಬಾಯಿಗೆ ಔಷಧಿ ಹೊಯ್ಯುವುದು, ಹಳ್ಳಿ ತಿರುಗುವುದು ನನ್ನ ಕೆಲಸ. ಜನ ನನ್ನನ್ನೂ ಡಾಕ್ಟ್ರು ಅನ್ನುತ್ತಿದ್ದರು. ನಾನು ಒಂದು ದಿನವೂ ಅಲ್ಲ ಅನ್ನಲಿಲ್ಲ.

ಹೆಂಗಸಿಗೆ ಐವತ್ತು ದಾಟಿರಬೇಕು. ಅರಕಲಗೂಡು ಸೀಮೆಯವಳು, ತಂಬಾಕಿನ ಎಲೆ ಕಟ್ಟುವ ಕೂಲಿ, ಗಂಡ ತೀರಿಹೋಗಿದ್ದ. ಇದ್ದೊಬ್ಬ ಮಗಳನ್ನು ಎರಡು ವರ್ಷದ ಹಿಂದೆ ಹೊಳೆನರಸೀಪುರಕ್ಕೆ ಕೊಟ್ಟಿದ್ದಳು. ಬಳುವಳಿಯಾಗಿ ಒಂದು ಗಬ್ಬದ ಎಮ್ಮೆ ಕೊಡುವುದೆಂದು ಮಾತಾಗಿತ್ತು. ಆದರೆ ಆಗ ಮನೆಯಲ್ಲಿದ್ದದ್ದು ಪುಟ್ಟ ಕಡಸು. ಅದು ಬೆಳೆದು, ಗಬ್ಬ ನಿಂತು, ಈಗ ಏಳು ತಿಂಗಳು ತುಂಬಿತ್ತು. ಅಷ್ಟರಲ್ಲಿ ಬೀಗಿತ್ತಿಯ ಬಾಯಿ ಸುಮ್ಮನಿರಲಿಲ್ಲ. "ನಿಮ್ಮವ್ವನ ಎಮ್ಮೆ ಇನ್ನೂ ದಾರೀಲದಾ? ಕಾಶಿ ಸುತ್ಕಂಡು ಬತ್ತಾದಾ?" ಎಂದು ದಿನಾ ಸೊಸೆಯನ್ನು ಚುಚ್ಚುತ್ತಿದ್ದಳಂತೆ. ಎಮ್ಮೆ ಬರುವ ತನಕ ಮಗಳು ತವರಿನ ದಾರಿ ತುಳಿಯಕೂಡದು ಎಂದು ಕಟ್ಟು ಮಾಡಿದ್ದರು. ಎರಡು ವರ್ಷದಿಂದ ತಾಯಿ ಮಗಳ ಮುಖ ನೋಡಿರಲಿಲ್ಲ.

ಇದೆಲ್ಲ ನನಗೆ ಆ ಮಧ್ಯಾಹ್ನವೇ ಗೊತ್ತಾಯಿತೇ, ಆ ಸಂಜೆ ಜೊತೆಗೆ ನಡೆದಾಗ ತಿಳಿಯಿತೇ, ಹೇಳಲಾರೆ. ಕಣ್ಣಿಗೆ ಮೊದಲು ಕಂಡದ್ದು ಎಮ್ಮೆಯ ಮೈ. ಅದನ್ನು ನುಣ್ಣಗೆ ಬೋಳಿಸಿದ್ದರು, ಹರಳೆಣ್ಣೆ ಹಚ್ಚಿ ತಿಕ್ಕಿದ್ದರು. ಕೊಂಬಿಗೆ ಅರಿಶಿನ, ಹಣೆಗೆ ಕುಂಕುಮ. ಬಿಸಿಲಿನಲ್ಲಿ ಅದು ಆಗತಾನೆ ಪಾಲಿಶ್ ಹಾಕಿದ ಬೂಟಿನ ಹಾಗೆ ಹೊಳೆಯುತ್ತಿತ್ತು. ಬಾಯಿಂದ ಜೊಲ್ಲು ನೊರೆಯಾಗಿ ಇಳಿಯುತ್ತಿತ್ತು. ನಾಲಿಗೆ ಹೊರಗೆ. ಪಕ್ಕೆ ಕಮ್ಮಾರನ ತಿದಿಯಂತೆ ಬಡಿದುಕೊಳ್ಳುತ್ತಿತ್ತು.

"ಯಾವಾಗ ಹೊರಟಿರಿ?" ಅಂದೆ.

"ರಾಹುಕಾಲ ಕಳೀಲಿ ಅಂತ ಕಾದು ಒಂಬತ್ತಕ್ಕೆ ಒಂಟೆ ಸಾ. ಇವತ್ತು ಸ್ವಾಮಾರ ಅಲ್ವಾ."

"ಸಂಜೆ ತಂಪಿನಲ್ಲಿ ಬರಬಹುದಿತ್ತಲ್ಲ."

ಆಕೆ ನನ್ನನ್ನು ಮನೆಯಲ್ಲಿ ಹೆಂಗಸರೇ ಇಲ್ಲದೆ ಬೆಳೆದವನ ಹಾಗೆ ನೋಡಿದಳು. "ದೀಪ ಅಚ್ಚಿದ್ ಮ್ಯಾಲೆ ಆಲು ಮೊಸರೇ ಮನೆಯಿಂದ ಆಚೆ ಕೊಡಾಕಿಲ್ಲ. ಎಮ್ಮೆ ಕೊಡಕ್ಕಾಯ್ತದಾ?"

ಬಳುವಳಿಯ ಎಮ್ಮೆ ದೀಪ ಹಚ್ಚುವ ಮೊದಲು ಬೀಗರ ಹೊಸಿಲ ಮುಂದೆ ನಿಲ್ಲಬೇಕು. ಒಮ್ಮೆ ಆರತಿ ಎತ್ತಿ ಹೊರಡಿಸಿದ ಮೇಲೆ ದಾರಿಯಲ್ಲಿ ಬೇರೆಯವರ ಕೊಟ್ಟಿಗೆಯಲ್ಲಿ ಕಟ್ಟಬಾರದು. ಹನ್ನೆರಡು ಮೈಲಿ. ಎಮ್ಮೆಯ ನಡಿಗೆಗೆ ಆರು ಗಂಟೆ. ಹೀಗೆ ಲೆಕ್ಕ ಹಾಕಿದರೆ ನಡುಬಿಸಿಲು ಬಿಟ್ಟು ಬೇರೆ ಹೊತ್ತೇ ಉಳಿಯುವುದಿಲ್ಲ. ಇಷ್ಟೂ ಸಾಲದು ಎಂಬಂತೆ ಆಕೆ ಇನ್ನೊಂದು ಮಾತು ಹೇಳಿದಳು.

"ದಾರೀಲಿ ಎಲ್ಡು ಕೆರೆ ಸಿಕ್ಕಿದ್ವು ಸಾ. ಎಲ್ಡರಾಗೂ ಬೀಳಕ್ ಓಯ್ತು. ಎಳ್ಕಂಡ್ ಬಂದೆ. ಕೆಸರು ಮೆತ್ಕಂಡಿರೋ ಎಮ್ಮೆ ಇಡ್ಕಂಡು ಆ ಬೀಗಿತ್ತಿ ಬಾಗ್ಲಲ್ಲಿ ಎಂಗ್ ನಿಂತ್ಕಳನ?"

ನಾನು ಥರ್ಮಾಮೀಟರ್ ಹಾಕಿದೆ. ನೂರ ಏಳು. ಎಮ್ಮೆಯ ಮೈ ಸಾಮಾನ್ಯವಾಗಿ ನೂರ ಒಂದರ ಆಸುಪಾಸು ಇರಬೇಕು. ನೂರ ಏಳು ಎಂಬುದು ಮಾತ್ರ ನನಗೆ ಖಚಿತ, ಯಾಕೆಂದರೆ ಆ ಅಂಕಿಯನ್ನು ನೋಡಿದ ಕೂಡಲೇ ನನ್ನೊಳಗೆ ಒಂದು ಸಮಾಧಾನ ಹುಟ್ಟಿತು. ಗೊತ್ತಿರುವ ಪ್ರಶ್ನೆ ಪರೀಕ್ಷೆಯಲ್ಲಿ ಬಂದ ಹಾಗೆ. ಜ್ವರ. ಹಾಸನದ ತರಬೇತಿಯಲ್ಲಿ ನಾನು ನೋಡಿದ್ದೆಲ್ಲ ಮಳೆಗಾಲದ ಕೇಸುಗಳು. ಚಳಿಗೆ, ನೆನೆದದ್ದಕ್ಕೆ ಬರುವ ಎದೆರೋಗ. ಅಲ್ಲಿ ನೂರ ಏಳು ಬಂದರೆ ಗೋಣಿ ಹೊದಿಸುತ್ತಿದ್ದೆವು, ತಣ್ಣೀರು ತಾಗದಂತೆ ನೋಡಿಕೊಳ್ಳುತ್ತಿದ್ದೆವು. ಅದೇ ಪಾಠವನ್ನು ನಾನು ಆ ಬಿಸಿಲಿಗೆ ತಂದೆ.

ಆಕೆ ನೆರಳಿಗೆಂದು ತಲೆಯ ಮೇಲೆ ಹಾಕಿಕೊಂಡಿದ್ದ ಕಂಬಳಿಯನ್ನು ಕೇಳಿ ಇಸಿದುಕೊಂಡು ಎಮ್ಮೆಗೆ ಹೊದಿಸಿದೆ. ಚೀಲದಿಂದ ಜ್ವರದ ಮಿಕ್ಸ್ಚರ್ ತೆಗೆದು ಗೊಟ್ಟದಲ್ಲಿ ಕುಡಿಸಿದೆ. "ನೀರು ಮಾತ್ರ ಕೊಡಬೇಡಿ" ಅಂದೆ. ಆಕೆ ಒಂದು ಕ್ಷಣ ಕೆಳಗಿನ ಕಾಲುವೆಯ ಕಡೆ ನೋಡಿದಳು. ರಸ್ತೆಯಿಂದ ಐವತ್ತು ಮಾರು ಇರಬಹುದು, ನೀರು ಹರಿಯುವುದು ಕಾಣುತ್ತಿತ್ತು. ಎಮ್ಮೆಯೂ ಅತ್ತಲೇ ಮೂತಿ ಮಾಡಿಕೊಂಡಿತ್ತು. "ಆಯ್ತು ಸಾ" ಅಂದಳು.

ಇಲ್ಲಿ ನಾನು ಬೇಕಾದರೆ ನನ್ನನ್ನು ಉಳಿಸಿಕೊಳ್ಳಬಹುದು. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನಬಹುದು. ಮಾಡುತ್ತಿರಲಿಲ್ಲ. ಆ ಸೀಮೆಯ ಯಾವ ಎಮ್ಮೆ ಕಾಯುವವನೂ ಹಾಗೆ ಮಾಡುತ್ತಿರಲಿಲ್ಲ. ಥರ್ಮಾಮೀಟರ್ ಇದ್ದವನು ಮಾತ್ರ ಮಾಡಬಹುದಾದ ತಪ್ಪು ಅದು.

ಅರ್ಧ ಗಂಟೆಯಾಗಿರಬೇಕು. ಅರಕಲಗೂಡಿನ ಕಡೆಯಿಂದಲೇ ಒಂದು ಎತ್ತಿನ ಗಾಡಿ ಬಂತು. ಹುಲ್ಲಿನ ನಡುವೆ ಹೊಸ ಮಡಕೆಗಳನ್ನು ಹೇರಿಕೊಂಡ ಕುಂಬಾರನ ಗಾಡಿ. ಅವನು ಗಾಡಿ ನಿಲ್ಲಿಸಿ, ಬೀಡಿ ಬಾಯಲ್ಲಿಟ್ಟುಕೊಂಡೇ ಕಂಬಳಿ ಹೊದ್ದ ಎಮ್ಮೆಯನ್ನೂ ನನ್ನನ್ನೂ ನಿಧಾನವಾಗಿ ನೋಡಿದ.

"ಡಾಕ್ಟ್ರೇ, ಕಂಬ್ಳಿ ಒದ್ಸಿದ್ದೀರ. ಒಂದ್ ಲೋಟ ಕಾಪಿನೂ ಕೊಡ್ಸಿ ಪಾಪ."

"ಜ್ವರ ಬಂದಿದೆ" ಅಂದೆ.

"ಬತ್ತದೆ. ಈ ಬಿಸ್ಲಲ್ಲಿ ನಿಮಗೂ ಕಂಬ್ಳಿ ಒದ್ಸಿದ್ರೆ ನಿಮಗೂ ಬತ್ತದೆ."

ಅವನ ಎತ್ತುಗಳೂ ಅಷ್ಟೇ ದೂರದಿಂದ, ಅದೇ ಬಿಸಿಲಲ್ಲಿ, ಭಾರ ಎಳೆದುಕೊಂಡು ಬಂದಿದ್ದವು. ಆದರೆ ಅವು ಸುಮ್ಮನೆ ನಿಂತು ಬಾಲ ಬೀಸುತ್ತಿದ್ದವು. ಒಂದರ ಕುತ್ತಿಗೆಯ ಮೇಲೆ ಕೈಯಿಟ್ಟೆ. ಒದ್ದೆಯಾಗಿತ್ತು. ನೊಗದ ಕೆಳಗಿನ ಬಿಳಿ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಆಮೇಲೆ ಎಮ್ಮೆಯ ಕಂಬಳಿಯೊಳಗೆ ಕೈಹಾಕಿದೆ. ಒಳಗಿನ ಕಾವು ಮುಚ್ಚಿದ ಒಲೆಯದು. ಮೈ ಒಣಗಿತ್ತು. ಎಣ್ಣೆ ಬಿಟ್ಟರೆ ಅಲ್ಲಿ ಒಂದು ಹನಿ ಪಸೆ ಇರಲಿಲ್ಲ.

ಮತ್ತೆ ಥರ್ಮಾಮೀಟರ್. ನೂರ ಎಂಟು ದಾಟಿತ್ತು. ಎಮ್ಮೆ ಕೊರಳು ಚಾಚಿ ಗದ್ದವನ್ನು ನೆಲಕ್ಕೆ ಒರಗಿಸಿತು.

ಆಗ ಆಕೆ ಎದ್ದಳು. ಕಂಬಳಿಯನ್ನು ಕಿತ್ತು ರಸ್ತೆಗೆ ಎಸೆದಳು. ಅದುವರೆಗೆ ಸಾ ಅನ್ನುತ್ತಿದ್ದವಳು ನನ್ನ ಕಡೆ ತಿರುಗಿ, "ಸರಿ ಕಣ್ ಮಗ, ನಿನ್ನ ಡಾಕ್ಟ್ರಿಕೆ ಆಯ್ತಲ್ಲ, ಈಗ ಅತ್ಲಾಗ್ ಸರ್ಕ" ಅಂದಳು. ಕುಂಬಾರನಿಗೆ, "ಅಣ್ಣ, ಎಲ್ಡು ಮಡಕೆ ಇಳ್ಸು" ಅಂದಳು.

"ಒಸಾ ಮಡಕೆ ಕಣವ್ವ. ಎಮ್ಮೆ ಮೈ ತೊಳ್ದಿದ್ದು ಅಂದ್ರೆ ಯಾರ್ ತಗಂಡಾರು?"

"ಯೋಳಬ್ಯಾಡ."

ಅವನು ನಕ್ಕು ಎರಡಲ್ಲ, ನಾಲ್ಕು ಇಳಿಸಿದ. ನನ್ನ ಕೈಗೂ ಒಂದು ಬಂತು.

ಆಕೆ ಮೊದಲು ನೀರು ಹೊಯ್ದಳು. ತಲೆಗೆ, ಕಿವಿಯ ಹಿಂದೆ, ಕಾಲುಗಳಿಗೆ. ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಿಡಿದು ಬಾಯಿಗೆ ತಾಗಿಸಿದಳು. ನೀರು ಎಣ್ಣೆಯ ಮೇಲೆ ಜಾರಿ ನೆಲಕ್ಕೆ ಹೋಗುತ್ತಿತ್ತು. ಅದನ್ನು ನೋಡಿ ಕಾಲುವೆಯ ಅಂಚಿನಿಂದ ಕೆಸರು ತರಲು ಶುರು ಮಾಡಿದಳು. ಹಿಂದಿನ ದಿನವೆಲ್ಲ ಕೂತು ಬೋಳಿಸಿ, ಎಣ್ಣೆ ತಿಕ್ಕಿ, ಕನ್ನಡಿ ಮಾಡಿದ್ದ ಮೈಗೆ ಎರಡೂ ಕೈಯಲ್ಲಿ ಬಳಿದಳು. ಬೆನ್ನು, ಪಕ್ಕೆ, ಕೊರಳು, ತೊಡೆಸಂದು. ಅರಿಶಿನ ಕುಂಕುಮ ಎಲ್ಲ ಅದರಡಿ ಹೋಯಿತು. ಬಳಿಯುವಾಗ ಆಕೆಯ ಮುಖದಲ್ಲಿ ಏನಿತ್ತು ಎಂದು ಬರೆಯುವ ಆಸೆಯಾಗುತ್ತದೆ. ನಾನು ಮುಖ ನೋಡಲಿಲ್ಲ. ಕೈ ನೋಡಿದೆ.

"ಎತ್ತಿಗೆ ಬೆವರು ಅದೆ. ಇದಕ್ಕೆ ಬೆವರೆಲ್ಲಿ ಬತ್ತದೆ? ಕೆಸರೇ ಇದರ ಬೆವರು." ಇದನ್ನು ಆಕೆ ಹೇಳಿದಳೆಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನ. ಮಾತು ತೀರ ಚೊಕ್ಕಟವಾಗಿದೆ. ಕೆಸರು ಹೊತ್ತು ಏದುಸಿರು ಬಿಡುವವರು ಇಷ್ಟು ಚೊಕ್ಕಟವಾಗಿ ಮಾತಾಡುವುದಿಲ್ಲ. ಆಮೇಲೆ ಓದಿ ತಿಳಿದದ್ದನ್ನು ನಾನೇ ಆಕೆಯ ಬಾಯಿಗೆ ಇಟ್ಟಿರಬಹುದು. ಆಕೆ ಹೇಳಿರದಿದ್ದರೂ ಆಕೆಯ ಕೈಗೆ ಅದು ಗೊತ್ತಿತ್ತು, ಅಷ್ಟು ನಿಜ.

ಓದಿ ತಿಳಿದದ್ದೂ ಅದೇ. ಎತ್ತು, ಹಸುಗಳಿಗೆ ಹೋಲಿಸಿದರೆ ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ತುಂಬ ವಿರಳ. ಕರಿಚರ್ಮ ಬಿಸಿಲನ್ನು ಹೀರುತ್ತದೆ. ಹೀರಿದ್ದನ್ನು ಹೊರಗೆ ಹಾಕಲು ಒಳಗಿನ ನೀರು ಸಾಲದು, ಹೊರಗಿನ ನೀರು ಬೇಕು. ಬರಿಯ ನೀರು ಬೇಗ ಆರುತ್ತದೆ. ಕೆಸರು ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಆರಗೊಡುತ್ತದೆ, ಆರುವಾಗ ಮೈಯ ಕಾವನ್ನು ಕೊಂಡೊಯ್ಯುತ್ತದೆ. ಹಾಸನದಲ್ಲಿ ನಮಗೆ ಪಾಠ ಮಾಡಿದ ಮೇಷ್ಟ್ರು ಒಬ್ಬರು ನಮ್ಮ ಮುಂಗೈಗೆ ಒದ್ದೆ ಬಟ್ಟೆ ಒರೆಸಿ, "ಊದಿಕೊಳ್ಳಿ" ಅಂದಿದ್ದರು. ತಣ್ಣಗಾಯಿತು. "ಇದೊಂದು ತಿಳಿದರೆ ಅರ್ಧ ಪುಸ್ತಕ ತಿಳಿದ ಹಾಗೆ" ಅಂದಿದ್ದರು. ನಾನು ಊದಿಕೊಂಡು ನಕ್ಕಿದ್ದೆ, ಮರೆತಿದ್ದೆ. ಉಳಿದರ್ಧ ಪುಸ್ತಕದಲ್ಲಿದ್ದದ್ದು ಜ್ವರ. ಜ್ವರದಲ್ಲಿ ಮೈ ತಾನೇ ಕಾಯಬೇಕೆಂದು ತೀರ್ಮಾನಿಸಿರುತ್ತದೆ, ಅದಕ್ಕೇ ಚಳಿ ಎಂದು ನಡುಗುತ್ತದೆ. ಬಿಸಿಲ ಹೊಡೆತದಲ್ಲಿ ಮೈ ಕಾಯಲು ಒಪ್ಪಿರುವುದಿಲ್ಲ, ತಣಿಯಲು ಹೆಣಗುತ್ತಾ ಸೋಲುತ್ತಿರುತ್ತದೆ. ಥರ್ಮಾಮೀಟರಿಗೆ ಎರಡೂ ಒಂದೇ ಗೆರೆ.

ನೀರು, ಕೆಸರು ಮೂವರೂ ಹೊತ್ತೆವು. ಕುಂಬಾರ ತನ್ನ ಟವೆಲಿನಿಂದ ಗಾಳಿ ಬೀಸಿದ, ಬೀಸುತ್ತಾ, "ನನ್ ಎಂಡ್ರಿಗೂ ಇಂಗೆ ಗಾಳಿ ಆಕಿಲ್ಲ ಕಣವ್ವ" ಅಂದ. ಕಾಲುವೆಯ ಕಡೆಯಿಂದಲೂ ಗಾಳಿ ಬರುತ್ತಿತ್ತು, ಅಥವಾ ಬರುತ್ತಿತ್ತು ಎಂದುಕೊಳ್ಳುತ್ತೇನೆ. ಕೆಸರು ಅಂಚಿನಲ್ಲಿ ಬೂದುಬಣ್ಣಕ್ಕೆ ತಿರುಗಿದಲ್ಲೆಲ್ಲ ಆಕೆ ಮತ್ತೆ ನೀರು ಚಿಮುಕಿಸುತ್ತಿದ್ದಳು. ಗಂಟೆಯ ಮೇಲೆ ನೋಡಿದರೆ ನೂರ ಆರು. ಆಮೇಲೆ ನೂರ ಐದು. ಅಂಕಿಗಳಿಗಿಂತ ಮೊದಲು ಇಳಿದದ್ದು ಪಕ್ಕೆಯ ಬಡಿತ. ಆಮೇಲೆ ಮುಚ್ಚಿಕೊಂಡ ಬಾಯಿ, ಒಳಗೆ ಹೋದ ನಾಲಿಗೆ, ಒಂದು ನೊಣಕ್ಕಾಗಿ ಅಲ್ಲಾಡಿದ ಒಂದು ಕಿವಿ. ಆ ಕಿವಿಯ ಅಲ್ಲಾಟವನ್ನು ನೋಡಿ ನನಗೆ ಆದ ಬೆರಗು ಈಗಲೂ ಹಾಗೇ ಇದೆ. ಇಷ್ಟು ದೊಡ್ಡ ಮೈ, ಸಾವಿನ ಹತ್ತಿರ ಹೋಗಿದ್ದದ್ದು, ಒಂದಿಷ್ಟು ಮಣ್ಣು, ನೀರು, ಗಾಳಿ ಸಿಕ್ಕಿದ ಕೂಡಲೇ ತನ್ನ ಲೆಕ್ಕವನ್ನು ತಾನೇ ಸರಿಮಾಡಿಕೊಳ್ಳಲು ತೊಡಗಿತ್ತು. ನಾವು ದಾರಿ ಬಿಟ್ಟುಕೊಟ್ಟೆವು, ಅಷ್ಟೇ.

ಆ ದಿನದಿಂದ ನನಗೊಂದು ಚಟ ಅಂಟಿತು. ಬೇಸಗೆಯಲ್ಲಿ ಪ್ರಾಣಿ ಕಂಡರೆ ನಿಂತು ನೋಡುವುದು. ಹಾಸನದ ಬಸ್‌ಸ್ಟ್ಯಾಂಡಿನ ಬಳಿ ಜಟಕಾ ಕುದುರೆಗಳ ತೊಗಲುಪಟ್ಟಿಯ ಕೆಳಗೆ ಬೆವರು ಸೋಪಿನ ನೊರೆಯಂತೆ ಎದ್ದಿರುತ್ತಿತ್ತು. ಕುದುರೆ ನಮ್ಮ ಹಾಗೆ ಧಾರಾಳಿ. ಮುಂದೆ ಚನ್ನರಾಯಪಟ್ಟಣಕ್ಕೆ ವರ್ಗವಾದಾಗ ಕೆರೆಯ ಹಿಂದಿನ ದೊಡ್ಡ ಮರವೊಂದರಲ್ಲಿ ತೊಗಲುಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಮಧ್ಯಾಹ್ನ ಹನ್ನೆರಡಾಯಿತೆಂದರೆ ಒಂದೊಂದೂ ಒಂದು ರೆಕ್ಕೆಯನ್ನು ಬಿಚ್ಚಿ ಬೀಸಿಕೊಳ್ಳಲು ಶುರು. ಇಡೀ ಮರ ಮದುವೆಮನೆಯ ಹೆಂಗಸರಂತೆ ಬೀಸಣಿಗೆ ಆಡಿಸುತ್ತಿತ್ತು. ಕೆಲವು ಎದೆಯನ್ನು ನೆಕ್ಕಿ ಒದ್ದೆ ಮಾಡಿಕೊಂಡು ಬೀಸಿಕೊಳ್ಳುತ್ತಿದ್ದವು. ಮೇಷ್ಟ್ರ ಒದ್ದೆ ಬಟ್ಟೆಯ ಪಾಠ ಅವಕ್ಕೆ ಯಾರು ಮಾಡಿದರೋ. ಹಿರೀಸಾವೆಯ ಹೋಟೆಲೊಂದರ ನಾಯಿ ಕೈತೊಳೆಯುವ ತೊಟ್ಟಿಯ ಕೆಳಗಿನ ಒದ್ದೆ ನೆಲವನ್ನೇ ಕೆರೆದು ಕೆರೆದು, ತನ್ನ ಹೊಟ್ಟೆಯ ಅಳತೆಗೆ ಗುಂಡಿ ಮಾಡಿಕೊಂಡಿತ್ತು. ಬಸ್ಸುಗಳು ಬಂದು ಹೋಗುತ್ತಿದ್ದವು, ಅದು ಹೊಟ್ಟೆಯನ್ನು ತಣ್ಣನೆಯ ಮಣ್ಣಿಗೆ ಒತ್ತಿ, ನಾಲಿಗೆ ಇಳಿಬಿಟ್ಟು, ಸಣ್ಣ ಸಣ್ಣ ಉಸಿರುಗಳಲ್ಲಿ ಕಾವನ್ನು ಊದಿಬಿಡುತ್ತಿತ್ತು. ಅರಕಲಗೂಡಿನ ಕಡೆ ತಂಬಾಕು ಒಣಗಿಸುವ ಬ್ಯಾರನ್ನಿನ ಬಾಗಿಲಲ್ಲಿ ಬೆಂಕಿ ಒಟ್ಟುವವನ ಬೆನ್ನನ್ನೂ ಹೀಗೇ ನೋಡಿದ್ದೇನೆ. ಒಳಗೆ ಎಲೆ ಬೇಯುತ್ತಿತ್ತು, ಬಾಗಿಲಲ್ಲಿ ಮನುಷ್ಯ ಬೇಯುತ್ತಿರಲಿಲ್ಲ. ಬೆನ್ನಿನುದ್ದಕ್ಕೂ ನೀರಿಳಿಯುತ್ತಿತ್ತು. ಈ ಉಪ್ಪುನೀರನ್ನು ನಾವು ಕೊಳೆ ಎಂದು ಒರೆಸಿಕೊಳ್ಳುತ್ತೇವೆ.

ದಾರಿ ತಪ್ಪಿದೆ. ಕಾಲುವೆಯ ಪಕ್ಕಕ್ಕೆ ಹಿಂತಿರುಗುತ್ತೇನೆ, ಯಾಕೆಂದರೆ ಹೇಳಲು ಕಷ್ಟವಾದದ್ದು ಇನ್ನೂ ಅಲ್ಲೇ ಇದೆ.

ಎಮ್ಮೆ ಎದ್ದು ನಿಂತಾಗ ಬಿಸಿಲು ಹಳದಿಗೆ ತಿರುಗಿತ್ತು. ಕುಂಬಾರ ಗಾಡಿ ಹೂಡುತ್ತಾ, "ಈಗ್ ಒಂಟ್ರೂ ದೀಪ ಅಚ್ಚೋದ್ರೊಳಗೆ ಮುಟ್ಟಬೋದು ಕಣವ್ವ. ಕಾಲುವೇಲಿ ಒಂದ್ ದಪ ಮೈ ತೊಳ್ದು, ಬಿರ್ರನೆ ಒಡ್ಕಂಡ್ ಓಗು" ಅಂದ.

ಆಕೆ ಸೂರ್ಯನನ್ನು ನೋಡಿದಳು. ಎಮ್ಮೆಯ ಕಾಲುಗಳನ್ನು ನೋಡಿದಳು. ಹಿಂಗಾಲು ಇನ್ನೂ ನಡುಗುತ್ತಿತ್ತು.

"ಬಿರ್ರನೆ ಬ್ಯಾಡ" ಅಂದಳು. "ಅದು ಎಂಗ್ ಬತ್ತದೋ ಅಂಗೇ ಬರ್ಲಿ. ಒತ್ತು ಮೀರುದ್ರೆ ಒಳೆ ತಾವ ಕೂತಿದ್ದು ಬೆಳಗ್ಗೆ ಕೊಡ್ತೀನಿ. ಕೆಸರ್ನಲ್ಲೇ ಕೊಡ್ತೀನಿ. ಬೀಗಿತ್ತಿ ಏನಂತಾಳೋ ಅನ್ಲಿ."

ಕುಂಬಾರ ಹೋದ. ಕೆಸರಾದ ನಾಲ್ಕು ಮಡಕೆಗಳನ್ನು ಕಾಲುವೆಯಲ್ಲಿ ಅದ್ದಿ ತೆಗೆದು, ಉಳಿದವುಗಳ ನಡುವೆಯೇ ಇಟ್ಟುಕೊಂಡು ಹೋದ.

ಆಗ ಆಕೆ ಕೇಳಿದಳು. "ಮಗ, ಒಳಗಿಂದು?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಕೆ ಎಮ್ಮೆಯ ಹೊಟ್ಟೆ ತೋರಿಸಿದಳು. "ತಾಯಿಗೆ ಕೆಸರು ಬಳುದ್ವಿ. ಒಳಗಿರೋದಕ್ಕೆ ಯಾರ್ ಬಳೀತಾರೆ?"

ಇದನ್ನೂ ನಾನು ಆಮೇಲೆ ಓದಿದೆ. ಹೊಟ್ಟೆಯಲ್ಲಿರುವ ಕರುವಿನ ಮೈ ತಾಯಿಗಿಂತ ತುಸು ಹೆಚ್ಚೇ ಬಿಸಿ. ತನ್ನ ಕಾವನ್ನು ಹೊರಹಾಕಲು ಅದಕ್ಕೆ ತಾಯಿಯ ರಕ್ತ ಬಿಟ್ಟು ಬೇರೆ ದಾರಿಯಿಲ್ಲ. ತಾಯಿ ನೂರ ಎಂಟಕ್ಕೆ ಏರಿದಾಗ ಅದು ಎಲ್ಲಿತ್ತು ಎಂದು ಯಾವ ಥರ್ಮಾಮೀಟರೂ ಹೇಳುವುದಿಲ್ಲ. ಆ ಏರಿಕೆಯಲ್ಲಿ ಕೊನೆಯ ಅರ್ಧ ಗಂಟೆ ನನ್ನ ಕಂಬಳಿಯದು.

ನಾನು ಎಮ್ಮೆಯ ಬಲಪಕ್ಕೆಗೆ ಬಂದು, ಕೆಸರಿನ ಮೇಲೆ ಅಂಗೈ ಒತ್ತಿ ನಿಂತೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗೆ ಏನೋ ಒಮ್ಮೆ ಸರಿಯಿತು. ಕಾಲಿರಬಹುದು. ಎಮ್ಮೆಯ ಹೊಟ್ಟೆಯ ನೀರು ತುಳುಕಿದ್ದೂ ಇರಬಹುದು.

"ಇದೆ" ಅಂದೆ.

"ಇದೆಯಾ?"

"ಒದೀತು."

ಆಕೆ ಸೆರಗಿನಲ್ಲಿ ನನ್ನ ಅಂಗೈಯ ಕೆಸರನ್ನು ಒರೆಸಿದಳು. ರಸ್ತೆಯಲ್ಲಿ ಬಿದ್ದಿದ್ದ ಕಂಬಳಿಯನ್ನು ಕೊಡವಿ, ಮಡಿಸಿ, ತಲೆಗಿಟ್ಟುಕೊಂಡಳು. ಹಗ್ಗವನ್ನು ಸಡಿಲ ಬಿಟ್ಟು, ಎಮ್ಮೆಯ ಹಿಂದೆ ಅದರ ನಡಿಗೆಯಲ್ಲೇ ನಡೆದಳು. ನಾನು ಸೈಕಲ್ ತಳ್ಳಿಕೊಂಡು ಸ್ವಲ್ಪ ದೂರ ಜೊತೆಗೆ ಹೋದೆ. ಊರ ಮುಂದಿನ ಹೊಳೆ ಕಾಣುವ ಹೊತ್ತಿಗೆ ಊರಿನಲ್ಲಿ ಒಂದೆರಡು ದೀಪ ಹತ್ತಿದ್ದವು. ಆಕೆ ನೋಡಿದಳು, ಎಮ್ಮೆಯನ್ನು ನೀರಿನ ಕಡೆಗೆ ಬಿಟ್ಟಳು. ಈ ಸಲ ಅದನ್ನು ಎಳೆಯಲಿಲ್ಲ. ಅದು ಕೊರಳವರೆಗೆ ಇಳಿದು ಉಸಿರು ಬಿಟ್ಟ ಸದ್ದು ದಡದವರೆಗೆ ಕೇಳಿತು. ನಾನು ಸೈಕಲ್ ಹತ್ತಿದೆ.

ಮರುದಿನ ಹೋಗಿ ವಿಚಾರಿಸಬಹುದಿತ್ತು, ದೂರವೇನಿರಲಿಲ್ಲ. ಹೋಗಲಿಲ್ಲ. ಕೆಲವು ತಿಂಗಳಲ್ಲಿ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಒಮ್ಮೆ ಹೊಳೆನರಸೀಪುರದ ಒಂದು ಬೀದಿಯಲ್ಲಿ ಜಗಲಿಯ ಪಕ್ಕ ಕಟ್ಟಿದ್ದ ಎಮ್ಮೆಯೊಂದನ್ನು ಕಂಡೆ. ಅದರ ಬುಡದಲ್ಲಿ ಕರುವಿತ್ತೋ ಇಲ್ಲವೋ, ಈಗ ಎಷ್ಟು ಕಣ್ಣುಮುಚ್ಚಿ ನೋಡಿದರೂ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಅದು ಅದೇ ಎಮ್ಮೆಯೇ ಎಂಬುದೂ ಗೊತ್ತಿಲ್ಲ. ಬೀಗಿತ್ತಿ ಕೆಸರಿನ ಎಮ್ಮೆಯನ್ನು ಒಳಗೆ ಕರೆದುಕೊಂಡಳೇ, ಮಗಳು ತವರಿಗೆ ಹೋದಳೇ, ಗೊತ್ತಿಲ್ಲ. ಆ ಸಂಜೆ ನನ್ನ ಅಂಗೈಯ ಕೆಳಗೆ ಸರಿದದ್ದು ಏನು ಎಂಬುದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.